ಹೊಸ ರೂಟರ್ ಬಂದರೂ ವೈಫೈ ವೇಗ ಹೆಚ್ಚಲಿಲ್ಲವೇ?

ಪ್ರಶ್ನೆ: ಹೊಸ ಡ್ಯುಯಲ್ ಬ್ಯಾಂಡ್ ರೂಟರ್ (2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೋ ಪಟ್ಟಿಗಳಲ್ಲಿ ವೈಫೈ ಕೊಡುವಂಥದ್ದು) ಹಾಕಿ ಒಂದು ವಾರ ಆಯಿತು. ನಮ್ಮದು 200 ಎಂಬಿಪಿಎಸ್ ಪ್ಲಾನ್. ರೂಟರ್ ಪಕ್ಕದಲ್ಲೇ ಕೂತು ನೋಡಿದರೂ ಫೋನ್‌ನಲ್ಲಿ ವೇಗ 35–40 ದಾಟುವುದಿಲ್ಲ. ಫೋನ್‌ಗಳಲ್ಲಿ ಮತ್ತೆ ಪಾಸ್‌ವರ್ಡ್ ಹಾಕುವ ತೊಂದರೆ ಬೇಡವೆಂದು ಹಳೆಯ ವೈಫೈ ಹೆಸರು, ಪಾಸ್‌ವರ್ಡನ್ನೇ ಇಟ್ಟಿದ್ದೇನೆ. ರೂಟರ್ ವಾಪಸ್ ಕೊಡಬೇಕೇ?

ಉತ್ತರ: ಈಗಲೇ ಬೇಡ. ನೀವು ಬರೆದ ಆ 35–40ರಲ್ಲೇ ಒಂದು ಸುಳಿವಿದೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ: ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ ವೇಗ ನೋಡಿ. 200ರ ಆಸುಪಾಸು ಬಂದರೆ ಲೈನ್ ಸರಿಯಿದೆ, ತೊಂದರೆ ವೈಫೈನಲ್ಲಿದೆ. ಸರಿಯಾಗಿ 94ರ ಹತ್ತಿರ ನಿಂತುಬಿಟ್ಟರೆ ಎಲ್ಲೋ 100 ಎಂಬಿಪಿಎಸ್‌ನ ಕಟ್ಟು ಬಿದ್ದಿದೆ ಎಂದರ್ಥ. ಕೇಬಲ್ ಚುಚ್ಚುವ ಪೋರ್ಟ್ ಗಿಗಾಬಿಟ್‌ನದ್ದಲ್ಲದಿರಬಹುದು (ಗಿಗಾಬಿಟ್ ಎಂದರೆ 1000 ಎಂಬಿಪಿಎಸ್), ಇಲ್ಲವೇ ಕೇಬಲ್‌ನ ಎಂಟು ತಂತಿಗಳಲ್ಲಿ ಒಂದು ಕೈಕೊಟ್ಟಿರಬಹುದು. ಗಿಗಾಬಿಟ್ ಸಂಪರ್ಕಕ್ಕೆ ಎಂಟೂ ಬೇಕು, 100ಕ್ಕೆ ನಾಲ್ಕೇ ಸಾಕು. ಕೇಬಲ್ ಬದಲಿಸಿ ನೋಡಿ.

ಇನ್ನು ವೈಫೈ. ಆಂಡ್ರಾಯ್ಡ್ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಈಗ ಕನೆಕ್ಟ್ ಆಗಿರುವ ವೈಫೈ ಹೆಸರನ್ನು ಒತ್ತಿದರೆ ಸಾಮಾನ್ಯವಾಗಿ 'ಲಿಂಕ್ ಸ್ಪೀಡ್' ಮತ್ತು ಫ್ರೀಕ್ವೆನ್ಸಿ ಕಾಣಿಸುತ್ತವೆ. ಫೋನೂ ರೂಟರೂ ತಮ್ಮೊಳಗೆ ಒಪ್ಪಿಕೊಂಡ ವೇಗ ಅದು. ಕೈಗೆ ಸಿಗುವುದು ಅದರ ಅರ್ಧದಷ್ಟು, ಸ್ವಲ್ಪ ಹೆಚ್ಚು. ಅಲ್ಲಿ 72 ಎಂದಿದ್ದರೆ ಫೋನ್ 2.4 ಗಿಗಾಹರ್ಟ್ಸ್‌ನಲ್ಲಿ, ಒಂದೇ ಆಂಟೆನಾದ ಮೇಲೆ ಓಡುತ್ತಿದೆ. 72ರ ಅರ್ಧ ಎಷ್ಟು? ನಿಮ್ಮ 35–40. ನನ್ನ ಅನುಮಾನ ಇಲ್ಲೇ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ಯಾವುದನ್ನು ಹಿಡಿಯಬೇಕೆಂದು ಫೋನೇ ತೀರ್ಮಾನಿಸುತ್ತದೆ, ಅದು ಎಷ್ಟೋ ಸಲ 2.4ಕ್ಕೇ ಅಂಟಿಕೊಳ್ಳುತ್ತದೆ.

ರೂಟರ್ ಸೆಟ್ಟಿಂಗ್ಸ್‌ಗೆ ಹೋಗಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಡಿ, ಫೋನನ್ನು ಅದಕ್ಕೆ ಸೇರಿಸಿ. ಚಾನೆಲ್ ಎಂದರೆ ಬ್ಯಾಂಡ್‌ನೊಳಗಿನ ಒಂದು ಓಣಿ ಇದ್ದಂತೆ, ಅದರ ಅಗಲ 80 ಮೆಗಾಹರ್ಟ್ಸ್ ಇರಲಿ. ಆಗ ಲಿಂಕ್ ಸ್ಪೀಡ್ 433 ಅಥವಾ 867ಕ್ಕೆ ಏರಬೇಕು. 433 ಬಂದರೂ ನಿಮ್ಮ 200ಕ್ಕೆ ಸಾಕು.

ಲಿಂಕ್ ಸ್ಪೀಡ್ 54ಕ್ಕೆ ಸಿಕ್ಕಿಕೊಂಡಿದ್ದರೆ ಕತೆ ಬೇರೆ. ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಟಿಕೆಐಪಿ ಅಥವಾ ಡಬ್ಲ್ಯುಇಪಿ ಎಂಬ ಹಳೆಯ ಭದ್ರತಾ ವಿಧಾನ ಉಳಿದಿದೆಯೇ ನೋಡಿ. ಅವುಗಳ ಜೊತೆ ಹೊಸ ವೈಫೈನ ವೇಗಗಳು ಕೆಲಸ ಮಾಡುವುದಿಲ್ಲ. ಡಬ್ಲ್ಯುಪಿಎ2 ಎಇಎಸ್ ಅಥವಾ ಡಬ್ಲ್ಯುಪಿಎ3 ಆರಿಸಿ. ಸುರಕ್ಷತೆಗೂ ಅದೇ ಸರಿ.

ದೂರದ ಕೋಣೆಗೆ 2.4 ಬೇಕೇ ಬೇಕು, ಏಕೆಂದರೆ 5 ಗಿಗಾಹರ್ಟ್ಸ್ ಗೋಡೆ ದಾಟುವಾಗ ಬೇಗ ಸೊರಗುತ್ತದೆ. 2.4ರಲ್ಲಿ ಚಾನೆಲ್ 1, 6, 11 ಇವುಗಳಲ್ಲೊಂದನ್ನು ಇಡಿ, ಅಗಲ 20 ಮೆಗಾಹರ್ಟ್ಸ್. 3 ಅಥವಾ 4 ಖಾಲಿ ಕಾಣುತ್ತದೆಂದು ಅದಕ್ಕೆ ಬದಲಿಸುವವರನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. 3ರಲ್ಲಿ ಕೂತರೆ 1 ಮತ್ತು 6 ಎರಡರ ಗದ್ದಲವೂ ನಿಮ್ಮ ಮೇಲೆ ಬೀಳುತ್ತದೆ, ನಿಮ್ಮಿಂದ ಆ ಎರಡರಲ್ಲಿರುವ ಅಕ್ಕಪಕ್ಕದವರಿಗೂ ತೊಂದರೆ. ಮೈಕ್ರೋವೇವ್ ಓಡುವಾಗ ಮಾತ್ರ ವೇಗ ಕುಸಿದರೆ ಅದೂ ಇದೇ ಬ್ಯಾಂಡ್‌ನ ಸಮಸ್ಯೆ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಅಥವಾ ಟಿವಿ ಹಿಂದೆ ಬಚ್ಚಿಡಬೇಡಿ, ಮನೆಯ ನಡುವೆ, ಎತ್ತರದಲ್ಲಿ, ಬಯಲಾಗಿ ಇಡಿ.

ರೂಟರ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಇಷ್ಟೆಲ್ಲ ನೋಡಿದ ಮೇಲೂ, ಕೇಬಲ್‌ನಲ್ಲಿ 200 ಬರುತ್ತಿದ್ದು, ಲಿಂಕ್ ಸ್ಪೀಡ್ 433 ಅಥವಾ 867 ತೋರಿಸುತ್ತಿದ್ದು, ಪಕ್ಕದಲ್ಲೇ ಇಟ್ಟ ಎರಡು ಬೇರೆ ಬೇರೆ ಫೋನ್‌ಗಳಲ್ಲೂ 40ರಲ್ಲೇ ನಿಂತರೆ, ಆಗ ಧಾರಾಳವಾಗಿ ವಾಪಸ್ ಕೊಡಿ.