ಕಾನೂನು ಸಲಹೆ: ಅಮೀನರು ಬಾಗಿಲಿಗೆ ಬಂದಾಗ

ಪ್ರಶ್ನೆ: ಮನೆ ಬಿಡಬೇಕೆಂದು ಬಾಡಿಗೆದಾರರ ವಿರುದ್ಧ ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆಗಿ ಐದು ತಿಂಗಳಾಯಿತು, ಮನೆ ಬಿಟ್ಟಿಲ್ಲ. ತೀರ್ಪಿನ ನಕಲು ಹಿಡಿದು ಠಾಣೆಗೆ ಹೋದರೆ, 'ಕೋರ್ಟಿನಿಂದ ನಮಗೆ ಆದೇಶ ಬರಬೇಕು' ಎಂದು ವಾಪಸ್ ಕಳಿಸಿದರು. ಮುಂದೇನು?
– ಓದುಗರು, ದಾವಣಗೆರೆ

ಉತ್ತರ: ಠಾಣೆಯವರು ಹೇಳಿದ್ದು ಸರಿ. ಮನೆ ಖಾಲಿ ಮಾಡಿಸಿ ಸ್ವಾಧೀನ ಕೊಡಿಸುವುದು ಕೋರ್ಟಿನ ಆದೇಶ ಜಾರಿ ಮಾಡುವ ಸಿಬ್ಬಂದಿಯಾದ ಅಮೀನರ ಕೆಲಸ. ಪೊಲೀಸರು ಬರುವುದು ಅವರ ರಕ್ಷಣೆಗೆ, ಅದೂ ಕೋರ್ಟ್ ಆದೇಶಿಸಿದಾಗ.

ಮೊದಲು ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ಕೋರುವ ಅರ್ಜಿ) ಹಾಕಿ. ಇದಕ್ಕೆ 12 ವರ್ಷ ಕಾಲಾವಕಾಶವಿದ್ದರೂ, ಡಿಕ್ರಿಯಾಗಿ 2 ವರ್ಷ ದಾಟಿದರೆ ಎದುರುದಾರರಿಗೆ ಮತ್ತೆ ನೋಟಿಸ್ ಹೋಗಬೇಕು. ಆದ್ದರಿಂದ ಈಗಲೇ ಹಾಕುವುದು ಒಳ್ಳೆಯದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 35ನೇ ನಿಯಮದಂತೆ, ಸ್ವಾಧೀನ ಕೊಡಿಸಲು ಅಮೀನರಿಗೆ ಡೆಲಿವರಿ ವಾರಂಟ್ ಹೊರಡುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಆಸ್ತಿಯ ವಿವರ ಬರೆಯುವ ಷೆಡ್ಯೂಲಿನಲ್ಲಿ. 'ಮಹಡಿ ಮನೆ' ಎಂದಷ್ಟೇ ಬರೆದು, ಸ್ಥಳದಲ್ಲಿ ಎರಡು ಮಹಡಿ ಕಂಡರೆ ಅಮೀನರು ಯಾವ ಬಾಗಿಲು ತಟ್ಟಬೇಕು? ವಾರಂಟ್ ಜಾರಿಯಾಗದೆ ಹಿಂದಿರುಗುತ್ತದೆ, ಅದರ ಅವಧಿ ಮುಗಿದರೆ ಹೊಸದನ್ನು ಪಡೆಯಬೇಕು. ಮನೆ ನಂಬರು, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ), ಮಹಡಿ ಎಲ್ಲವೂ ಡಿಕ್ರಿಗೆ ತಾಳೆಯಾಗುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಿ.

ಬಾಗಿಲು ಹಾಕಿಕೊಂಡರೆ ಬೀಗ ಒಡೆಯಲು ಅದೇ 35ನೇ ನಿಯಮದಲ್ಲಿ ಅವಕಾಶವಿದೆ. ಆದರೂ ಬೀಗ ಒಡೆಯಲಿಕ್ಕೂ ಪೊಲೀಸ್ ನೆರವಿಗೂ ಬೇರೆ ಅರ್ಜಿ ಹಾಕಿ ಆದೇಶ ಪಡೆದಿಟ್ಟುಕೊಳ್ಳುವುದೇ ಕ್ಷೇಮ. ಹಬ್ಬ, ಚುನಾವಣೆಯ ಬಂದೋಬಸ್ತಿನ ದಿನ ಸಿಬ್ಬಂದಿ ಸಿಗುವುದು ಕಷ್ಟ, ಠಾಣೆಯಲ್ಲಿ ಕೇಳಿ ದಿನ ಗೊತ್ತುಮಾಡಿ. ಬೀಗ ತೆಗೆಯುವವರು, ಹೊಸ ಬೀಗ, ಹಮಾಲರು, ಇಬ್ಬರು ಪಂಚರು (ಸಾಕ್ಷಿಗಳು) ಬೆಳಿಗ್ಗೆಯೇ ಸಿದ್ಧವಿರಲಿ. ಹೊರಗೆ ಬಾರದ ಸಂಪ್ರದಾಯದ ಹೆಂಗಸರು ಒಳಗಿದ್ದರೆ ಮೊದಲು ತಿಳಿಸಿ, ಸರಿದುಹೋಗಲು ಸಮಯ ಕೊಡಲೇಬೇಕು. ಸಾಮಾನುಗಳನ್ನು ಒಂದೊಂದಾಗಿ ಮಹಜರಿನಲ್ಲಿ (ಪಂಚರ ಮುಂದೆ ಸ್ಥಳದಲ್ಲೇ ಬರೆಯುವ ದಾಖಲೆಯಲ್ಲಿ) ಬರೆಸಿ. ನಾಳೆ 'ಒಡವೆ ಹೋಯಿತು' ಎಂಬ ದೂರು ಬಂದರೆ ನಿಮ್ಮನ್ನು ಕಾಯುವುದು ಆ ಪಟ್ಟಿಯೇ.

ಮೂರನೆಯವರೊಬ್ಬರು ಎದ್ದು, 'ಇದರಲ್ಲಿ ನನಗೂ ಹಕ್ಕಿದೆ' ಎಂದು ಅಡ್ಡ ನಿಂತರೆ ಅಮೀನರು ವರದಿ ಬರೆದು ಹಿಂದಿರುಗಬಹುದು. ಆಗ ಜಗಳಕ್ಕಿಳಿಯಬೇಡಿ. 30 ದಿನದೊಳಗೆ ಅದೇ 21ನೇ ಆದೇಶದ 97ನೇ ನಿಯಮದಡಿ ಅರ್ಜಿ ಹಾಕಿ. ಹಕ್ಕಿನ ವಿಚಾರ ಅದೇ ಕೋರ್ಟಿನಲ್ಲಿ ತೀರ್ಮಾನವಾಗುತ್ತದೆ, ಬೇರೆ ದಾವೆ ಬೇಡ. ನ್ಯಾಯವಾದ ಕಾರಣವಿಲ್ಲದೆ ಬಾಡಿಗೆದಾರರು ಮತ್ತೆ ತಡೆದರೆ 30 ದಿನಗಳವರೆಗೆ ಸಿವಿಲ್ ಸೆರೆವಾಸಕ್ಕೂ ಅವಕಾಶವಿದೆ. ಅಮಲ್ಜಾರಿ ಅರ್ಜಿಗಳನ್ನು 6 ತಿಂಗಳಲ್ಲಿ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ವಾಯಿದೆ ಮೇಲೆ ವಾಯಿದೆ ಬಿದ್ದರೆ ನಿಮ್ಮ ವಕೀಲರು ಅದನ್ನು ಎತ್ತಿ ಹೇಳಲಿ.

ಪ್ರಶ್ನೆ: ನಾವು ಬಾಡಿಗೆದಾರರು. ಮೇಲ್ಮನವಿ ಹಾಕಿದ್ದೇವೆ. ಅಮೀನರು ಬಂದರೆ ಅದನ್ನು ತೋರಿಸಿದರೆ ಸಾಕೇ?
– ಓದುಗರು, ಗದಗ

ಉತ್ತರ: ಸಾಲದು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ ಜಾರಿ ನಿಲ್ಲುವುದಿಲ್ಲ, ತಡೆಯಾಜ್ಞೆಯೇ ಬೇಕು. ಅದು ಸಿಕ್ಕ ದಿನವೇ ಕೆಳಗಿನ ಕೋರ್ಟಿಗೆ ತಲುಪಿಸಿ. ಆದೇಶದ ಪ್ರತಿ ತಡವಾದರೆ, ತಡೆಯಾಜ್ಞೆ ಆಗಿದೆ ಎಂದು ಸ್ವಂತ ಅರಿವಿನಿಂದ ಹೇಳುವ ಅಫಿಡವಿಟ್ಟನ್ನಾದರೂ (ಪ್ರಮಾಣಪತ್ರ) ಸಲ್ಲಿಸಿ. ಇನ್ನೊಂದು ಮಾತು: ಮಾಲೀಕರು ಅಮೀನರಿಲ್ಲದೆ ತಾವೇ ಬೀಗ ಜಡಿದು ನಿಮ್ಮನ್ನು ಹೊರಹಾಕಿದರೆ, ಸ್ವಾಧೀನ ಮರಳಿ ಕೇಳಿ ದಾವೆ ಹಾಕಲು 6 ತಿಂಗಳ ಗಡುವಿದೆ. ಅದನ್ನು ದಾಟಿಸಬೇಡಿ.