ಬಣ್ಣ ನಿಂತ ಮಾತ್ರಕ್ಕೆ ಕ್ರಿಯೆ ನಿಲ್ಲುವುದೇ?

ಪ್ರಶ್ನೆ: ಮುಚ್ಚಿದ ಪಾತ್ರೆಯಲ್ಲಿ ನಡೆಯುವ ಪರಾವರ್ತ್ಯ (ಮುಂದಕ್ಕೂ ಹಿಂದಕ್ಕೂ ಸಾಗಬಲ್ಲ) ರಾಸಾಯನಿಕ ಕ್ರಿಯೆ ಸಮತೋಲನಕ್ಕೆ ಬಂದ ಮೇಲೆ ಬಣ್ಣವಾಗಲಿ ಒತ್ತಡವಾಗಲಿ ಬದಲಾಗುವುದಿಲ್ಲ. ಆದರೂ ಕ್ರಿಯೆ ನಿಂತಿಲ್ಲ, ಎರಡೂ ದಿಕ್ಕಿನಲ್ಲಿ ಸಾಗುತ್ತಲೇ ಇದೆ ಎನ್ನುತ್ತವೆ ಪಠ್ಯಪುಸ್ತಕಗಳು. ಕಾಣದ ಈ ಚಲನೆಗೆ ಪುರಾವೆ ಏನು? ಸಮತೋಲನದಲ್ಲಿ ಎರಡೂ ಕಡೆಯ ವಸ್ತುಗಳು ಸಮಪ್ರಮಾಣದಲ್ಲಿ ಇರುತ್ತವೆಯೇ?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಸಮಪ್ರಮಾಣ ಇರಬೇಕಾಗಿಲ್ಲ. ಸಮತೋಲನ ಎಂದೊಡನೆ ಮನಸ್ಸಿಗೆ ತಕ್ಕಡಿ ಬರುವುದರಿಂದ ಈ ಗೊಂದಲ ಹುಟ್ಟುತ್ತದೆ. ಇಲ್ಲಿ ಸಮವಾಗುವುದು ಮುಮ್ಮುಖ ಮತ್ತು ಹಿಮ್ಮುಖ ಕ್ರಿಯೆಗಳ ವೇಗ, ವಸ್ತುಗಳ ತೂಕವಲ್ಲ. ಹೈಡ್ರೋಜನ್ ಮತ್ತು ಅಯೋಡಿನ್ ಆವಿಯನ್ನು ಒಂದೊಂದು ಮೋಲ್‌ನಂತೆ (ಮೋಲ್ ಎಂದರೆ ಅಣುಗಳ ಎಣಿಕೆಯ ಒಂದು ಅಳತೆ) ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ, ಅಯೋಡಿನ್‌ನ ನೇರಳೆ ಬಣ್ಣ ಮೆಲ್ಲಗೆ ತಿಳಿಯಾಗುತ್ತ ಬಂದು ಒಂದು ಹಂತದಲ್ಲಿ ನಿಲ್ಲುತ್ತದೆ. ಆ ವೇಳೆಗೆ ಎರಡೂ ಅನಿಲಗಳಲ್ಲಿ ಸರಿಸುಮಾರು ಶೇ. 78ರಷ್ಟು ಹೈಡ್ರೋಜನ್ ಅಯೋಡೈಡ್ ಆಗಿ ಮಾರ್ಪಟ್ಟಿರುತ್ತದೆ.

ಈಗ ಇದೇ ಪ್ರಯೋಗವನ್ನು ಇನ್ನೊಂದು ತುದಿಯಿಂದ ಮಾಡಿ ನೋಡಬೇಕು. ಅದೇ ಅಳತೆಯ ಪಾತ್ರೆಗೆ ಬಣ್ಣವಿಲ್ಲದ ಎರಡು ಮೋಲ್ ಹೈಡ್ರೋಜನ್ ಅಯೋಡೈಡ್ ತುಂಬಿ ಅಷ್ಟೇ ಕಾಯಿಸಿದರೆ, ಅದರಲ್ಲಿ ಶೇ. 22ರಷ್ಟು ಒಡೆದು ನೇರಳೆ ಬಣ್ಣ ಮೂಡುತ್ತದೆ, ಮತ್ತು ಮೊದಲ ಪಾತ್ರೆಯ ಬಣ್ಣ ಎಲ್ಲಿ ನಿಂತಿತ್ತೋ ಇದೂ ಅಲ್ಲಿಗೇ ಬಂದು ನಿಲ್ಲುತ್ತದೆ. ಕ್ರಿಯೆ ಸುಮ್ಮನೆ ಸೋತು ನಿಲ್ಲುವುದಾಗಿದ್ದರೆ ಎರಡೂ ಪಾತ್ರೆಗಳು ಒಂದೇ ಮಿಶ್ರಣಕ್ಕೆ ಬರಲು ಕಾರಣವೇ ಇರುತ್ತಿರಲಿಲ್ಲ. ವಸ್ತು ಖರ್ಚಾದಂತೆ ಮುಮ್ಮುಖ ಕ್ರಿಯೆಯ ವೇಗ ಇಳಿಯುತ್ತದೆ, ಉತ್ಪನ್ನ ಹೆಚ್ಚಿದಂತೆ ಹಿಮ್ಮುಖ ಕ್ರಿಯೆಯ ವೇಗ ಏರುತ್ತದೆ, ಎರಡೂ ಸಂಧಿಸಿದಲ್ಲಿ ಸಮತೋಲನ ಏರ್ಪಡುತ್ತದೆ. ಸಾಂದ್ರತೆಗೂ ಕ್ರಿಯೆಗೂ ಇರುವ ಈ ನಂಟನ್ನು ನಾರ್ವೆಯ ವಿಜ್ಞಾನಿಗಳಾದ ಗುಲ್ಡ್‌ಬರ್ಗ್ ಮತ್ತು ವಾಗೆ 1864ರಲ್ಲೇ ನಿಯಮವಾಗಿ ಮುಂದಿಟ್ಟಿದ್ದರು.

ಇದು ತರ್ಕದ ಮಾತಾಯಿತು; ನೇರ ಪುರಾವೆ ಬೇಕೆನ್ನುವವರಿಗೆ ನಾನು ತೋರಿಸುವುದು ಸೀಸದ ಅಯೋಡೈಡ್ ಪ್ರಯೋಗವನ್ನು. ಅದು ಕರಗುವಿಕೆಯ ಸಮತೋಲನವೇ ಹೊರತು ಅನಿಲಗಳ ಕ್ರಿಯೆಯಲ್ಲ, ಆದರೂ ವಿಷಯ ಒಂದೇ. ಈ ಹಳದಿ ಲವಣ ನೀರಿನಲ್ಲಿ ಅತ್ಯಲ್ಪವಾಗಿ ಕರಗುತ್ತದೆ. ಇನ್ನು ಕರಗಲಾರದಷ್ಟು ಕರಗಿ ಉಳಿದದ್ದು ತಳದಲ್ಲಿ ಕುಳಿತಿರುವ ಪರ್ಯಾಪ್ತ ದ್ರಾವಣಕ್ಕೆ, ವಿಕಿರಣಶೀಲ ಅಯೋಡಿನ್‌ನಿಂದ ತಯಾರಿಸಿದ ಅದೇ ಲವಣವನ್ನು ಚಿಟಿಕೆಯಷ್ಟು ಹಾಕುತ್ತಾರೆ. ದ್ರಾವಣದ ಸಾಂದ್ರತೆ ಎಳ್ಳಷ್ಟೂ ಬದಲಾಗುವುದಿಲ್ಲ. ಆದರೆ ಸ್ವಲ್ಪ ಹೊತ್ತಿನ ಬಳಿಕ ಮೇಲಿನ ತಿಳಿಯನ್ನು ಸೋಸಿ ತೆಗೆದು ಪರೀಕ್ಷಿಸಿದರೆ ಅದರಲ್ಲಿ ವಿಕಿರಣ ಪತ್ತೆಯಾಗುತ್ತದೆ. ತಳದ ಅಯೋಡೈಡ್ ಅಯಾನುಗಳು (ವಿದ್ಯುದಂಶ ಹೊತ್ತ ಅಯೋಡಿನ್ ಕಣಗಳು) ಮೇಲೆದ್ದಿವೆ, ದ್ರಾವಣದಲ್ಲಿದ್ದ ಅಷ್ಟೇ ಅಯಾನುಗಳು ತಳಕ್ಕೆ ಇಳಿದಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಒತ್ತಡ ಬದಲಾದಾಗ ಸಮತೋಲನ ಸರಿಯುವುದನ್ನು ಕಣ್ಣಾರೆ ಕಾಣಲು ನೈಟ್ರೋಜನ್ ಡೈಆಕ್ಸೈಡ್ ಅನುಕೂಲ, ಆದರೆ ಅದು ವಿಷಾನಿಲವಾದ್ದರಿಂದ ಪ್ರಯೋಗಾಲಯದ ಹೊರಗೆ ಮಾಡತಕ್ಕದ್ದಲ್ಲ. ಈ ಕಂದು ಅನಿಲದ ಎರಡೆರಡು ಅಣುಗಳು ಕೂಡಿ ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್ ಆಗುತ್ತವೆ. ಬಾಯಿ ಮುಚ್ಚಿದ ಸಿರಿಂಜಿನಲ್ಲಿ ಈ ಮಿಶ್ರಣವನ್ನು ತಟ್ಟನೆ ಒತ್ತಿದರೆ ಅನಿಲ ಇಕ್ಕಟ್ಟಾಗುವುದರಿಂದ ಕಂದು ಬಣ್ಣ ಮೊದಲು ಗಾಢವಾಗಿ, ಇನ್ನಷ್ಟು ಅಣುಗಳು ಜೋಡಿಯಾಗುವುದರಿಂದ ಮರುಕ್ಷಣ ತುಸು ತಿಳಿಯಾಗುತ್ತದೆ. ಒತ್ತಿದರೆ ಬಣ್ಣ ತಿಳಿಯಾಗುತ್ತದೆ ಎಂದಷ್ಟೇ ಬರೆದು ಬಿಡುವುದು ಅರ್ಧ ಸತ್ಯ, ಏಕೆಂದರೆ ಪಕ್ಕದಿಂದ ನೋಡಿದಾಗ ಕೊನೆಗೆ ಉಳಿಯುವ ಬಣ್ಣವೂ ಒತ್ತುವ ಮುನ್ನ ಇದ್ದದ್ದಕ್ಕಿಂತ ಗಾಢವಾಗಿಯೇ ಇರುತ್ತದೆ.