ಕರಡಿಯ ರಕ್ಷಣೆಗೆ ಯಾವ ಕೈಬಂದೂಕು? ಆಂಕರೇಜಿಗೆ ಹೊಸದಾಗಿ ಬಂದವರಿಗೆ ಉತ್ತರ

ಕೊಡಗಿನವರಾದ ನೀವು ಎಚ್-1ಬಿ ವೀಸಾದಲ್ಲಿ ಅಲಾಸ್ಕಾದ ಆಂಕರೇಜಿಗೆ ಬಂದು ಕೆಲವೇ ತಿಂಗಳಾಗಿವೆ. ಬೇಸಿಗೆಯಲ್ಲಿ ಪತ್ನಿಯೊಂದಿಗೆ ಚುಗಾಚ್ ಬೆಟ್ಟಗಳಲ್ಲಿ ಚಾರಣ ಮಾಡಬೇಕು, ಕೀನಾಯ್ ಕಡೆ ಡೇರೆ ಹಾಕಿ ಸಾಲ್ಮನ್ ಹಿಡಿಯಬೇಕು ಎಂಬ ಆಸೆ ನಿಮ್ಮದು. ಅದಕ್ಕಾಗಿ ಕರಡಿಯಿಂದ ರಕ್ಷಣೆಗೆ .44 ಮ್ಯಾಗ್ನಮ್ ರಿವಾಲ್ವರ್ ಕೊಳ್ಳಲೋ 10 ಎಂಎಂ ಪಿಸ್ತೂಲು ಕೊಳ್ಳಲೋ ಎಂದು ಕೇಳಿದ್ದೀರಿ. ಮನೆಯಲ್ಲಿ ಹಿರಿಯರ ಕಾಲದಿಂದ ಕೋವಿ ಇರುವುದರಿಂದ ಬಂದೂಕಿನ ಅಂಜಿಕೆ ಇಲ್ಲವೆಂದೂ ಬರೆದಿದ್ದೀರಿ. ಎರಡರಲ್ಲಿ ಯಾವುದೆಂಬುದಕ್ಕೆ ಖಂಡಿತ ಉತ್ತರಿಸುತ್ತೇನೆ. ಆದರೆ ಇಲ್ಲಿ ಕರಡಿಗಿಂತ ಮೊದಲು ನಿಮಗೆ ಎದುರಾಗುವುದು ನಿಮ್ಮ ವೀಸಾ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸನ್ಸಿನಿಂದ ವಿನಾಯಿತಿ ಇದೆ. ಅಲಾಸ್ಕಾದಲ್ಲಿಯೂ 21 ವರ್ಷ ತುಂಬಿದವರು ಯಾವ ಪರವಾನಗಿಯೂ ಇಲ್ಲದೆ ಪಿಸ್ತೂಲನ್ನು ಕೋಟಿನೊಳಗೆ ಇಟ್ಟುಕೊಂಡು ಓಡಾಡಬಹುದು. ಇದನ್ನು ಕೇಳಿದವರು ನೇರವಾಗಿ ಅಂಗಡಿಗೆ ಹೊರಡುವುದು ಸಹಜ. ಆದರೆ ಅದು ರಾಜ್ಯದ ಕಾನೂನು ಮಾತ್ರ. ಅದರ ಮೇಲಿರುವ ಫೆಡರಲ್ ಕಾನೂನಿನ ಪ್ರಕಾರ ನಿಮ್ಮಂತೆ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಸ್ನೇಹಿತರ ಪಿಸ್ತೂಲನ್ನು ದಾರಿಯಲ್ಲಿ ನಿಮ್ಮ ಚೀಲದಲ್ಲಿ ಇಟ್ಟುಕೊಂಡರೂ, ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಬಾಡಿಗೆಗೆ ಪಡೆದು ನಾಲ್ಕು ಗುಂಡು ಹೊಡೆದರೂ ಅದನ್ನು ಹೊಂದಿದ್ದೀರಿ ಎಂದೇ ಲೆಕ್ಕ. 2022ರ ನಂತರ ಈ ಅಪರಾಧಕ್ಕೆ 15 ವರ್ಷಗಳವರೆಗೆ ಶಿಕ್ಷೆಯಿದೆ, ಗಡೀಪಾರಿಗೂ ಇದು ಕಾರಣವಾಗುತ್ತದೆ. ಗ್ರೀನ್ ಕಾರ್ಡ್ ಬಂದವರಿಗೆ ಈ ನಿಷೇಧವಿಲ್ಲ. ನಿಮಗಿರುವ ಸಾಮಾನ್ಯ ದಾರಿಯೆಂದರೆ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸನ್ಸ್. ಅದು ಕೈಯಲ್ಲಿರುವವರೆಗೆ ಕಾನೂನೇ ವಿನಾಯಿತಿ ಕೊಡುತ್ತದೆ, ಅಂಗಡಿಯಲ್ಲಿ ಬಂದೂಕು ಕೊಳ್ಳುವವರು ತುಂಬಬೇಕಾದ 4473 ನಮೂನೆಯನ್ನು ತುಂಬುವಾಗ ಅದನ್ನೇ ತೋರಿಸಬೇಕು, ಅದರ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ನಿಮ್ಮ ಪತ್ನಿ ಅವಲಂಬಿತರ ಎಚ್-4 ವೀಸಾದಲ್ಲಿದ್ದರೆ ಅವರಿಗೆ ಪ್ರತ್ಯೇಕ ಲೈಸನ್ಸ್ ಬೇಕು. ಹಣ ಕೊಡುವ ಮೊದಲು ನಿಮ್ಮ ವಲಸೆ ವಕೀಲರನ್ನು ಒಮ್ಮೆ ಕೇಳಿ. ಒಂದು ಬಂದೂಕಿಗಾಗಿ ಇಲ್ಲಿಯ ಬದುಕನ್ನೇ ಪಣಕ್ಕಿಡಬೇಡಿ ಎಂದು ಕಳಕಳಿಯಿಂದ ಹೇಳುತ್ತಿದ್ದೇನೆ.

ಲೈಸನ್ಸ್ ಬರುವವರೆಗೆ ಕಾಡಿಗೆ ಹೋಗಬಾರದೆಂದಲ್ಲ. ಈ ವಾರವೇ ಇಬ್ಬರೂ ಒಂದೊಂದು ಬೇರ್ ಸ್ಪ್ರೇ ಕೊಳ್ಳಿ. ಮೆಣಸಿನಕಾಯಿಯ ಖಾರದ ಸತ್ವವನ್ನು ಒತ್ತಡದಲ್ಲಿ ತುಂಬಿದ ಈ ಡಬ್ಬಿ ಎಂಟೊಂಬತ್ತು ಮೀಟರ್ ದೂರಕ್ಕೆ ಕಿತ್ತಳೆ ಬಣ್ಣದ ಮೋಡವನ್ನು ಉಗುಳುತ್ತದೆ. ಅಲಾಸ್ಕಾದ ಘಟನೆಗಳನ್ನು ಪರಿಶೀಲಿಸಿ ಟಾಮ್ ಸ್ಮಿತ್, ಸ್ಟೀಫನ್ ಹೆರೆರೋ ಮುಂತಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂದು ಕರಡಿಗಳ ವಿರುದ್ಧ ಸ್ಪ್ರೇ ಶೇ. 92ರಷ್ಟು ಸಲ ಕೆಲಸ ಮಾಡಿತ್ತು. ಅದೇ ತಂಡದ 2012ರ ಅಧ್ಯಯನದಲ್ಲಿ ಕೈಬಂದೂಕಿನ ಯಶಸ್ಸು ಶೇ. 84 ಇತ್ತು. ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟು ಸ್ಪ್ರೇಯೇ ಗೆದ್ದಿತೆನ್ನುವುದು ನನ್ನ ಮಟ್ಟಿಗೆ ನ್ಯಾಯವಲ್ಲ, ಏಕೆಂದರೆ ಸ್ಪ್ರೇ ಬಳಸಿದ ಅನೇಕ ಸಂದರ್ಭಗಳಲ್ಲಿ ಕರಡಿ ಬಂದದ್ದು ಕುತೂಹಲದಿಂದ ಅಥವಾ ಆಹಾರದ ಆಸೆಯಿಂದಲೇ ಹೊರತು ಮೈಮೇಲೆ ಎರಗಲು ಅಲ್ಲ. ಆದರೂ ಎರಡನೆಯ ಅಧ್ಯಯನದ ಒಂದು ಮಾತನ್ನು ಗಮನಿಸಲೇಬೇಕು: ಬಂದೂಕು ಜೊತೆಗಿದ್ದವರಲ್ಲಿ ಅದನ್ನು ಬಳಸಿದವರಿಗೂ ಬಳಸದವರಿಗೂ ಆದ ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕಾರಣ ಸಮಯ. ಕಂದು ಕರಡಿ ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಓಡಬಲ್ಲದು, ಅಂದರೆ ಮೂವತ್ತು ಮೀಟರ್ ಆಚೆಯ ಆಲ್ಡರ್ ಪೊದೆಯಿಂದ ಹೊರಟದ್ದು ಎರಡು ಸೆಕೆಂಡಿನಲ್ಲಿ ನಿಮ್ಮ ಮುಂದಿರುತ್ತದೆ. ಅಷ್ಟರೊಳಗೆ ಅದನ್ನು ಕಂಡು, ಬಂದೂಕನ್ನು ಹೊರಗೆಳೆದು, ಏರಿಳಿಯುತ್ತ ಬರುವ ತಲೆಗೋ ಎದೆಗೋ ಗುಂಡು ಕೂರಿಸಬೇಕು. ಕೋವಿಯನ್ನು ಭುಜಕ್ಕಿಟ್ಟು ಹಂದಿಗೆ ಗುರಿಯಿಟ್ಟ ಅಭ್ಯಾಸ ಇಲ್ಲಿ ಹೆಚ್ಚು ನೆರವಾಗುವುದಿಲ್ಲ, ಕೈಬಂದೂಕಿಗೆ ಭುಜದ ಆಸರೆಯೇ ಇಲ್ಲ. ಡೇರೆಯ ಬಳಿ ಇಟ್ಟುಕೊಳ್ಳಲು ನಿಮ್ಮ ಕೈಗೆ ಪಳಗಿರುವ ಹನ್ನೆರಡು ಬೋರಿನ ಕೋವಿಗೆ ಸ್ಲಗ್ (ಚರೆಯ ಬದಲು ಒಂದೇ ದಪ್ಪ ಗುಂಡಿರುವ ತೋಟಾ) ತುಂಬಿದರೆ ಅದು ಯಾವ ಪಿಸ್ತೂಲಿಗಿಂತಲೂ ಮೇಲು. ಆದರೆ ಎರಡು ಕೈಯಲ್ಲೂ ಗಾಳ ಹಿಡಿದು ನೀರಿನಲ್ಲಿ ನಿಂತವರಿಗೆ ದಡದ ಮರಕ್ಕೆ ಒರಗಿಸಿದ ಕೋವಿ ಇದ್ದೂ ಇಲ್ಲದಂತೆ, ಕೈಬಂದೂಕಿನ ಅಗತ್ಯ ಬರುವುದು ಅಲ್ಲಿಯೇ.

ನಾಲ್ಕು ಇಂಚು ನಳಿಗೆಯ .44 ಮ್ಯಾಗ್ನಮ್ ರಿವಾಲ್ವರ್, ಉದಾಹರಣೆಗೆ ಸ್ಮಿತ್ ಅಂಡ್ ವೆಸನ್ 629, ಸುಮಾರು 1.2 ಕೆ.ಜಿ. ತೂಗುತ್ತದೆ, ಆರು ಗುಂಡು ಹಿಡಿಯುತ್ತದೆ. ಗುಂಡಿನ ಬಲದಲ್ಲಿ 10 ಎಂಎಂ ಇದಕ್ಕೆ ಸಮನಲ್ಲ. ಕರಡಿ ಮೈಮೇಲೆ ಬಿದ್ದಾಗ ನಳಿಗೆಯನ್ನು ಅದರ ಮೈಗೆ ಒತ್ತಿ ಹೊಡೆದರೂ ರಿವಾಲ್ವರ್ ಹಾರುತ್ತದೆ. ಪಿಸ್ತೂಲನ್ನು ಹಾಗೆ ಒತ್ತಿದರೆ ಮೇಲಿನ ಸ್ಲೈಡ್ ಹಿಂದೆ ಸರಿದು ಗುಂಡು ಹಾರದಿರಬಹುದು. ಆದರೆ ರಿವಾಲ್ವರಿನ ಟ್ರಿಗರನ್ನು ಒಂದೇ ಎಳೆತದಲ್ಲಿ ಎಳೆಯಲು ಐದು ಕೆ.ಜಿ.ಯಷ್ಟು ಬಲ ಬೇಕು, ಎಳೆಯುವಾಗ ತುದಿ ಅಲುಗುತ್ತದೆ, ಮೊದಲ ಗುಂಡಿನ ಒದೆತಕ್ಕೆ ಕೈ ಹಣೆಯವರೆಗೆ ಏಳುತ್ತದೆ, ಎರಡನೆಯ ಗುಂಡು ಹೊರಡುವಷ್ಟರಲ್ಲಿ ಕರಡಿ ಬಂದಿರುತ್ತದೆ. 10 ಎಂಎಂನ ಗ್ಲಾಕ್ 20ರಲ್ಲಿ ಟ್ರಿಗರ್ ಅದರ ಅರ್ಧದಷ್ಟು ಹಗುರ, ಮ್ಯಾಗಜಿನ್ನಿನಲ್ಲಿ ಹದಿನೈದು ಗುಂಡು, ಒದೆತವೂ ಹಿಡಿತದಲ್ಲಿರುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಹಿಮಕರಡಿಗಳ ನಡುವೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರು ಸೊಂಟಕ್ಕೆ ಕಟ್ಟುವುದು ಇದನ್ನೇ. ಆದ್ದರಿಂದ ಕೈಬಂದೂಕಿಗೆ ಹೊಸಬರಾದ ನಿಮಗೆ ನಾನು ಹೇಳುವುದು 10 ಎಂಎಂ. ಇವಕ್ಕಿಂತ ಬಲವಾದ .454 ಕಸುಲ್, .500 ಮ್ಯಾಗ್ನಮ್ ರಿವಾಲ್ವರುಗಳ ಕಡೆ ನೋಡಲೇಬೇಡಿ. ಅವುಗಳ ಒದೆತ ತಾಳದೆ ಜನ ಅಭ್ಯಾಸವನ್ನೇ ಬಿಡುತ್ತಾರೆ, ಅಭ್ಯಾಸವಿಲ್ಲದ ದೊಡ್ಡ ಗುಂಡು ಕರಡಿಯ ಪಕ್ಕದ ಮಣ್ಣಿಗೆ ಹೋಗುತ್ತದೆ. 2016ರಲ್ಲಿ ಇಲ್ಲಿಯ ಹಿರಿಯ ಬೇಟೆ ಮಾರ್ಗದರ್ಶಿಯೊಬ್ಬರು ಎರಗಿ ಬಂದ ಕಂದು ಕರಡಿಯನ್ನು ಬರೀ 9 ಎಂಎಂ ಪಿಸ್ತೂಲಿನಿಂದ ಕೊಂದರು. ಅದನ್ನು ಕೇಳಿ 9 ಎಂಎಂ ಸಾಕೆಂದುಕೊಳ್ಳಬೇಡಿ. ಅವರ ಕೈ ನುರಿತಿತ್ತು, ತೋಟಾವೂ ಆಳಕ್ಕೆ ಇಳಿಯುವಂಥದಾಗಿತ್ತು.

ತೋಟಾದ ಆಯ್ಕೆಯೂ ಬಂದೂಕಿನ ಆಯ್ಕೆಯಷ್ಟೇ ಮುಖ್ಯ. ಮನುಷ್ಯರಿಂದ ರಕ್ಷಣೆಗೆಂದು ಮಾರುವ ಹಾಲೋ ಪಾಯಿಂಟ್ ಗುಂಡು ತಾಗಿದೊಡನೆ ಅರಳಿ ಕೊಬ್ಬು, ಸ್ನಾಯುಗಳಲ್ಲೇ ನಿಲ್ಲಬಹುದು. ಕರಡಿಗೆ ಬೇಕಾದದ್ದು ಗಟ್ಟಿ ಸೀಸದ, ಚಪ್ಪಟೆ ಮೂತಿಯ, 10 ಎಂಎಂನಲ್ಲಾದರೆ 200ರಿಂದ 220 ಗ್ರೇನ್ (ಗುಂಡಿನ ತೂಕದ ಅಳತೆ) ತೂಕದ ಗುಂಡು. ಅವೇ ತೋಟಾಗಳನ್ನು ನಿಮ್ಮ ಪಿಸ್ತೂಲು ತಡೆಯಿಲ್ಲದೆ ಹಾರಿಸುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬೆನ್ನುಚೀಲದ ಸೊಂಟಪಟ್ಟಿ ಅಡ್ಡ ಬರುವುದರಿಂದ ಎದೆಗೆ ಕಟ್ಟುವ ಹೋಲ್‌ಸ್ಟರನ್ನೇ ಕೊಳ್ಳಿ. ಸ್ಪ್ರೇಯನ್ನು ಇನ್ನೊಂದು ಕೈಗೆ ಸಿಗುವಂತೆ ಇಡಿ.

ಕಾಡಿನಲ್ಲಿ ಮಾತನಾಡುತ್ತಾ ನಡೆಯುವುದು, ಸಾಲ್ಮನ್ ಬರುವ ತೊರೆಯ ಬಳಿ ಡೇರೆ ಹಾಕದಿರುವುದು, ಆಹಾರವನ್ನು ಕರಡಿಗೆ ತೆರೆಯಲಾಗದ ಡಬ್ಬಿಯಲ್ಲಿಡುವುದು ನಿಮಗೆ ಗೊತ್ತೇ ಇರುತ್ತದೆ. ಸ್ಪ್ರೇಯನ್ನು ವಿಮಾನದ ಕ್ಯಾಬಿನ್ನಿನಲ್ಲೂ ಚೆಕ್-ಇನ್ ಸಾಮಾನಿನಲ್ಲೂ ಒಯ್ಯುವಂತಿಲ್ಲ. ರಸ್ತೆಯಲ್ಲಿ ಕೆನಡಾ ದಾಟಿ ಅಮೆರಿಕದ ಕೆಳಗಿನ ರಾಜ್ಯಗಳಿಗೆ ಹೋಗುವುದಾದರೆ ಪಿಸ್ತೂಲನ್ನು ಮನೆಯಲ್ಲೇ ಬಿಡಿ, ಕೆನಡಾದ ಕಾನೂನು ಕೈಬಂದೂಕಿನ ಬಗ್ಗೆ ಬಹಳ ಕಠಿಣ. ಪ್ರಾಣರಕ್ಷಣೆಗಾಗಿ ಕರಡಿಯನ್ನು ಕೊಲ್ಲಲೇಬೇಕಾಗಿ ಬಂದರೆ ಉಗುರುಸಹಿತ ಚರ್ಮವನ್ನೂ ತಲೆಬುರುಡೆಯನ್ನೂ ನೀವೇ ಬಿಡಿಸಿ ರಾಜ್ಯಕ್ಕೆ ಒಪ್ಪಿಸಬೇಕು, ಫಿಶ್ ಅಂಡ್ ಗೇಮ್ ಇಲಾಖೆಗೆ ತಕ್ಷಣ ತಿಳಿಸಿ 15 ದಿನದೊಳಗೆ ಲಿಖಿತ ವರದಿ ಕೊಡಬೇಕು. ಆದ್ದರಿಂದ ಚೀಲದಲ್ಲಿ ಒಂದು ಹರಿತವಾದ ಚಾಕು ಇರಲಿ.

ಬೇಟೆ ಲೈಸನ್ಸ್ ಕೈಗೆ ಬಂದ ಮೇಲೆ ತಿಳಿಸಿ. ನನ್ನ ಬಳಿಯಿರುವ ರಿವಾಲ್ವರನ್ನೂ 10 ಎಂಎಂ ಪಿಸ್ತೂಲನ್ನೂ ರ‍್ಯಾಬಿಟ್ ಕ್ರೀಕ್ ರೇಂಜಿಗೆ ತರುತ್ತೇನೆ. ಎರಡನ್ನೂ ಹಾರಿಸಿ ನೋಡಿಯೇ ಕೊಳ್ಳುವಿರಂತೆ. ಅಲ್ಲಿಯವರೆಗೆ ಬರೀ ಹಿಡಿದು ನೋಡಲೆಂದು ಕೂಡ ಅವನ್ನು ನಿಮ್ಮ ಕೈಗೆ ಕೊಡಲಾರೆ.